ವಿದ್ಯಾಸಂಸ್ಥೆಗಳ ಅಂಗಳಗಳಿಗೂ ಪಾರಂಪರಿಕ ರಕ್ಷಣೆ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಮ್ಮ ರಾಜ್ಯದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಈಚೆಗೆ 'ಆವರಣ ಸುಂದರೀಕರಣ' ಎಂಬ ಹೆಸರಿನ ಕಾಮಗಾರಿಗಳು ಹೆಚ್ಚಾಗಿವೆ. ಹಳೆಯ ಕಲ್ಲುಚಪ್ಪಡಿಗಳನ್ನು ಕಿತ್ತು ಕೆಂಪು, ಹಳದಿ ಪೇವರ್ ಬ್ಲಾಕುಗಳನ್ನು ಹಾಸುವುದು, ಮರಗಳ ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿ ಟೈಲ್ಸ್ ಅಂಟಿಸುವುದು, ಅಂಗಳದ ನಡುವೆ ಕಾರಂಜಿಯೊಂದನ್ನು ನಿಲ್ಲಿಸುವುದು, ಇಷ್ಟಕ್ಕೂ ತೃಪ್ತಿಯಾಗದಿದ್ದರೆ ಇಡೀ ಅಂಗಳಕ್ಕೆ ಶೀಟು ಹೊದಿಸಿ ಅದಕ್ಕೆ 'ಬಹೂಪಯೋಗಿ ಸಭಾಂಗಣ' ಎಂದು ಫಲಕ ಹಾಕುವುದು ಇವುಗಳ ಸಾಮಾನ್ಯ ಸ್ವರೂಪ. ಕಟ್ಟಡವೊಂದನ್ನು ಕೆಡವುತ್ತೇವೆಂದರೆ ನಾಲ್ಕು ಜನರಾದರೂ ಏಕೆ ಎಂದು ಕೇಳುತ್ತಾರೆ. ಅಂಗಳವನ್ನು ಅಳಿಸಿಹಾಕಿದಾಗ ಕೇಳುವವರು ಯಾರೂ ಇರುವುದಿಲ್ಲ, ಏಕೆಂದರೆ ಕಡತದಲ್ಲಿ ಅದು 'ಖಾಲಿ ಜಾಗ'. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಕೆಲವು ಮುಖ್ಯ ಶಿಕ್ಷಣ ಸಂಸ್ಥೆಗಳಲ್ಲಿ ಈ ಖಾಲಿ ಜಾಗವೆಂಬುದು ಗೋಡೆ, ಮಾಳಿಗೆಗಳಷ್ಟೇ ಯೋಚಿಸಿ ರೂಪಿಸಿದ ರಚನೆಯಾಗಿದೆ. ಆದ್ದರಿಂದ ಕಟ್ಟಡಕ್ಕೆ ಸಲ್ಲುವ ರಕ್ಷಣೆ ಅದಕ್ಕೂ ಸಲ್ಲಬೇಕು ಎಂಬುದನ್ನು ತಮ್ಮ ಪತ್ರಿಕೆಯ ಓದುಗರ ಮುಂದೆ, ಅವರ ಮೂಲಕ ಸಂಬಂಧಪಟ್ಟ ಅಧಿಕಾರಿಗಳ ಮುಂದೆ ಇಡುವುದು ಈ ಪತ್ರದ ಉದ್ದೇಶ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ (ಭಾರತೀಯ ನಿರ್ವಹಣಾ ಸಂಸ್ಥೆ) ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ. 1973ರಲ್ಲಿ ಆರಂಭವಾದ ಈ ಸಂಸ್ಥೆಗೆ ಸುಮಾರು 100 ಎಕರೆಯ ಹೊಸ ಆವರಣವನ್ನು ರೂಪಿಸುವ ಕೆಲಸ 1977ರಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಕೈಗೆ ಬಂತು. ಅದು ಹಂತಹಂತವಾಗಿ 1992ರವರೆಗೆ ನಡೆಯಿತು. ದೋಶಿ ತರುಣರಾಗಿದ್ದಾಗ ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯೇ ಅವರ ಕಚೇರಿಯಲ್ಲಿ ದುಡಿದವರು, 1962ರಿಂದ ಅಹಮದಾಬಾದಿನ ಐಐಎಂ ನಿರ್ಮಾಣದಲ್ಲಿ ಲೂಯಿ ಕಾನ್ ಅವರ ಜೊತೆಗಿದ್ದವರು. ಅಂದರೆ ಆಧುನಿಕ ವಾಸ್ತುಶಿಲ್ಪದ ಎರಡು ದೊಡ್ಡ ಪಾಠಶಾಲೆಗಳನ್ನೂ ಹತ್ತಿರದಿಂದ ಕಂಡವರು. ಆದರೆ ಬೆಂಗಳೂರಿಗೆ ಬಂದಾಗ ಅವರು ಮುಂದಿಟ್ಟುಕೊಂಡ ಮಾದರಿಗಳು ಫತೇಪುರ್ ಸಿಕ್ರಿ ಮತ್ತು ಮದುರೆಯ ದೇವಾಲಯ. ಎರಡರಲ್ಲೂ ಯಾವೊಂದು ಕಟ್ಟಡವೂ ಒಂಟಿಯಾಗಿ ನಿಂತಿಲ್ಲ. ಅಂಗಳದಿಂದ ಅಂಗಳಕ್ಕೆ, ಕಂಬಸಾಲಿನಿಂದ ಪ್ರಾಕಾರಕ್ಕೆ ನಡೆಯುತ್ತ ಹೋದಂತೆ ಸ್ಥಳವು ತೆರೆದುಕೊಳ್ಳುತ್ತದೆ. ಕನ್ನಡದ ಓದುಗರು ಇದನ್ನು ಅರಿಯಲು ಮದುರೆಗೆ ಹೋಗಬೇಕಾಗಿಲ್ಲ, ಸೋಮನಾಥಪುರದ ಕೈಸಾಲೆಯಲ್ಲಿ ಒಂದು ಸುತ್ತು ಬಂದರೆ ಸಾಕು. ಅಲ್ಲಿ ನಡುವಿನ ಗುಡಿಯ ಕೆತ್ತನೆಯನ್ನು ಎಲ್ಲರೂ ಹೊಗಳುತ್ತಾರೆ. ಸುತ್ತಲಿನ 64 ಗೂಡುಗಳ ಕೈಸಾಲೆ ಮತ್ತು ಅದರೊಳಗಿನ ಬಯಲು ಇಲ್ಲದಿದ್ದರೆ ಆ ಗುಡಿಯನ್ನು ಅಷ್ಟು ದೂರದಿಂದ, ಅಷ್ಟು ನೆಮ್ಮದಿಯಾಗಿ ನೋಡುವುದೇ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು ಕಡಿಮೆ ಜನ ಗಮನಿಸುತ್ತಾರೆ.

ಐಐಎಂ ಆವರಣದಲ್ಲಿ ಮುಖ್ಯವಾದದ್ದು ಅದರ ಮುಂಭಾಗವಲ್ಲ. ಹೇಳಿಕೊಳ್ಳುವಂಥ ಮುಂಭಾಗವೇ ಅದಕ್ಕಿಲ್ಲ ಎಂದರೂ ತಪ್ಪಾಗದು. ಸ್ಥಳೀಯ ಬೂದು ಗ್ರಾನೈಟಿನ ಒರಟು ಗೋಡೆಗಳ ನಡುವೆ ಹಾಯುವ ಉದ್ದುದ್ದದ ಮೊಗಸಾಲೆಗಳು, ಅವುಗಳಿಗೆ ಅಂಟಿಕೊಂಡಂತಿರುವ ಅಂಗಳಗಳು, ಅಲ್ಲಲ್ಲಿ ಎರಡು ಮೂರು ಅಂತಸ್ತಿನ ಎತ್ತರದಲ್ಲಿ ಕಾಂಕ್ರೀಟ್ ತೊಲೆಗಳ ತೆರೆದ ಚಪ್ಪರ, ಆ ಚಪ್ಪರಗಳಿಗೆ ಹಬ್ಬಿದ ಬಳ್ಳಿ ಇವೇ ಅದರ ಜೀವ. ಮೊಗಸಾಲೆಯ ಕೆಲವು ಭಾಗಕ್ಕೆ ಪೂರ್ಣ ಮಾಳಿಗೆಯಿದೆ, ಕೆಲವು ಭಾಗಕ್ಕೆ ಬೆಳಕಿಂಡಿಯಿದೆ, ಕೆಲವು ಭಾಗಕ್ಕೆ ಬರಿಯ ತೊಲೆಗಳಿವೆ, ಕೆಲವೆಡೆ ಏನೂ ಇಲ್ಲ. ತರಗತಿಯಿಂದ ಗ್ರಂಥಾಲಯಕ್ಕೆ ಹೋಗುವ ವಿದ್ಯಾರ್ಥಿಯು ಒಳಗಿದ್ದಾನೋ ಹೊರಗಿದ್ದಾನೋ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ದೋಶಿಯವರಿಗೆ ಬೇಕಾಗಿದ್ದದ್ದು ಅದೇ. ಪಾಠವು ತರಗತಿಯ ಬಾಗಿಲಲ್ಲಿ ಮುಗಿಯಬಾರದು, ಹೊರಗೆ ಬಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಜಗಲಿಯ ಮೇಲೆ, ಮೆಟ್ಟಿಲಿನ ಮೇಲೆ, ಮರದ ಕೆಳಗೆ ಮಾತು ಮುಂದುವರಿಸಬೇಕು ಎಂಬುದು ಅವರ ನಿಲುವಾಗಿತ್ತು. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಹೊರಗೆ ಕೂರಬಹುದು ಎಂಬ ಸರಳ ಸಂಗತಿಯ ಮೇಲೆ ಇಷ್ಟು ದೊಡ್ಡ ಸಂಸ್ಥೆಯನ್ನು ನಿಲ್ಲಿಸುವ ಧೈರ್ಯ ಅವರಿಗಿತ್ತು.

ಆ ತೆರೆದ ಚಪ್ಪರದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ಬರಿಯ ಅಲಂಕಾರವೆಂದು ತಿಳಿದವರೇ ಹೆಚ್ಚು. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನಿಲ್ಲಿಸಿ ನೋಡುವುದು ಅವತ್ತೇ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆಗಿರುತ್ತಾನೆ. ಇಂಥ ಊರಿನಲ್ಲಿ ನಡುಹಗಲಿನ ಬಿಸಿಲನ್ನು ಗೋಡೆಗಿಂತ ಹೆಚ್ಚಾಗಿ ನೆಲವೂ ಮಾಳಿಗೆಯೂ ಉಣ್ಣುತ್ತವೆ. ಆದ್ದರಿಂದ ಅಂಗಳಕ್ಕೆ ಬೇಕಾದದ್ದು ಮೇಲಿನಿಂದ ಬರುವ ನೆರಳು. ಜೊತೆಗೆ, ಕಾದ ಗಾಳಿ ಮೇಲೆದ್ದು ಹೋಗಲು ದಾರಿ. ತೊಲೆಗಳ ಚಪ್ಪರ ಈ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಬಿಸಿಲನ್ನು ಪಟ್ಟೆಪಟ್ಟೆಯಾಗಿ ಸೀಳಿ ಅರ್ಧವನ್ನು ತಡೆಯುತ್ತದೆ, ಬಳ್ಳಿ ಹಬ್ಬಿದರೆ ಇನ್ನಷ್ಟನ್ನು ತಡೆಯುತ್ತದೆ, ಗಾಳಿಯನ್ನು ಮಾತ್ರ ತಡೆಯುವುದಿಲ್ಲ. ಮಳೆ ಬಂದರೆ ನೀರು ನೇರವಾಗಿ ನೆಲಕ್ಕೆ ಬಿದ್ದು ಮಣ್ಣು ಸೇರುತ್ತದೆ. ಇದೇ ಜಾಗಕ್ಕೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ಹೊದಿಸಿದರೆ ಬೆಳಕಿನೊಂದಿಗೆ ಬಿಸಿಲೂ ಒಳಗೆ ಬರುತ್ತದೆ, ಬಂದ ಬಿಸಿ ಹೊರಗೆ ಹೋಗುವುದಿಲ್ಲ, ಬಿದ್ದ ಮಳೆನೀರು ಕೊಳವೆಯ ಮೂಲಕ ಚರಂಡಿ ಸೇರುತ್ತದೆ.

ಇದು ಪುಸ್ತಕದ ಮಾತಲ್ಲ. ನಾನು ಹಿಂದೆ ಪಾಠ ಹೇಳುತ್ತಿದ್ದ ಸಂಸ್ಥೆಯೊಂದರಲ್ಲಿ (ಹೆಸರು ಇಲ್ಲಿ ಅಗತ್ಯವಿಲ್ಲ) ನಡುವಿನ ತೊಟ್ಟಿಗೆ, ಅಂದರೆ ಒಳಾಂಗಳಕ್ಕೆ, ಹೀಗೆಯೇ ಶೀಟು ಹೊದಿಸಿದರು. ಮಳೆಗಾಲದಲ್ಲಿ ಕಾರ್ಯಕ್ರಮ ನಡೆಸಲು ಅನುಕೂಲವೆಂಬುದು ಕಾರಣ, ಕಾರಣ ತಪ್ಪೇನಲ್ಲ. ಬೇಸಗೆ ಬಂದಾಗ ತೊಟ್ಟಿಯ ಸುತ್ತಲಿನ ಕೊಠಡಿಗಳಲ್ಲಿ ಕೂರಲಾಗಲಿಲ್ಲ. ಮೊದಲು ಫ್ಯಾನುಗಳು ಬಂದವು, ಆಮೇಲೆ ಏಸಿ ಬಂತು, ಏಸಿಗಾಗಿ ಕಿಟಕಿಗಳನ್ನು ಮುಚ್ಚಿದರು. ತೊಟ್ಟಿಯಲ್ಲಿದ್ದ ಸಂಪಿಗೆಯನ್ನು ಶೀಟಿಗೆ ತಗಲುತ್ತದೆಂದು ಮೊದಲು ಸವರಿ, ಅನಂತರ ತೆಗೆದರು. ಇಷ್ಟೂ ನಿರ್ಧಾರಗಳಲ್ಲಿ ಯಾವುದೂ ಕೆಟ್ಟ ಉದ್ದೇಶದಿಂದ ಆದದ್ದಲ್ಲ, ಪ್ರತಿಯೊಂದಕ್ಕೂ ಟಿಪ್ಪಣಿ, ಅಂದಾಜುಪಟ್ಟಿ, ಮಂಜೂರಾತಿ ಎಲ್ಲವೂ ಕ್ರಮವಾಗಿಯೇ ಇದ್ದವು. ಆ ತೊಟ್ಟಿಯನ್ನು ಏಕೆ ತೆರೆದಿಟ್ಟಿದ್ದರು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಯಾವ ಹಂತದಲ್ಲೂ ಕೇಳಲಿಲ್ಲ.

ತೋಟವೆಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರವೂ ಇದಕ್ಕೆ ಸ್ವಲ್ಪ ಮಟ್ಟಿಗೆ ಕಾರಣವೆಂದು ನನ್ನ ಅನಿಸಿಕೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1932ರಲ್ಲಿ ರೂಪುಗೊಂಡ ಕನ್ನಂಬಾಡಿಯ ಬೃಂದಾವನ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯನ್ನು ಅನುಸರಿಸಿದ್ದು: ನಡುವೆ ನೀರಿನ ಕಾಲುವೆ, ಎರಡೂ ಕಡೆ ಒಂದೇ ಅಳತೆಯ ಪಾತಿಗಳು, ಸಾಲು ಕಾರಂಜಿಗಳು, ರಾತ್ರಿಗೆ ಬಣ್ಣದ ದೀಪ. ಅಣೆಕಟ್ಟೆಯ ಕೆಳಗೆ, ನೀರು ಯಥೇಚ್ಛವಾಗಿರುವಲ್ಲಿ, ಪ್ರವಾಸಿಗರಿಗಾಗಿ ಮಾಡಿದ ಆ ತೋಟ ತನ್ನ ಜಾಗದಲ್ಲಿ ಸೊಗಸಾಗಿಯೇ ಇದೆ. ಆದರೆ ರಾಜ್ಯದ ಪ್ರತಿಯೊಂದು ಆಡಳಿತ ಕಚೇರಿಯ ಮುಂದೆಯೂ ಅದರ ಮರಿಯೊಂದು ಹುಟ್ಟಿಕೊಂಡಿದ್ದು ನಮ್ಮ ದುರದೃಷ್ಟ. ಆ ಕಾರಂಜಿಗಳಲ್ಲಿ ಬಹುತೇಕ ಯಾವುವೂ ಉದ್ಘಾಟನೆಯ ದಿನ ಕಳೆದ ಮೇಲೆ ನೀರು ಕಂಡಿಲ್ಲ.

ಆಧುನಿಕ ಲ್ಯಾಂಡ್‌ಸ್ಕೇಪ್ ವಿನ್ಯಾಸ (ಕಟ್ಟಡಗಳ ಸುತ್ತಲಿನ ನೆಲ, ಗಿಡಮರಗಳನ್ನು ರೂಪಿಸುವ ಕಲೆ) ಹುಟ್ಟಿದ್ದೇ ಇಂಥ ಅಭ್ಯಾಸದ ವಿರುದ್ಧ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗ್ಯಾರೆಟ್ ಎಕ್ಬೊ, ಡ್ಯಾನ್ ಕೈಲಿ, ಜೇಮ್ಸ್ ರೋಸ್ ಎಂಬ ಮೂವರು ತಮಗೆ ಕಲಿಸುತ್ತಿದ್ದ ಸಮಮಿತಿಯ ಪಾತಿ, ನಡುಗೆರೆ, ಚಿತ್ರದಂತೆ ನೋಡುವ ನೋಟಗಳನ್ನೆಲ್ಲ ಪ್ರಶ್ನಿಸಿದರು. ತೋಟವು ನೋಡುವ ಚಿತ್ರವಲ್ಲ, ಜನ ಓಡಾಡುವ ಜಾಗ; ಗಿಡಮರಗಳು ಅದರ ಗೋಡೆ, ಕಂಬ, ಮಾಳಿಗೆಗಳು; ಆದ್ದರಿಂದ ಅಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುತ್ತಾರೆ ಎಂಬುದರಿಂದ ವಿನ್ಯಾಸ ಶುರುವಾಗಬೇಕು ಎಂದು ವಾದಿಸಿದರು. ಮುಂದೆ ಈ ವಿಚಾರಗಳಿಗೆ ವಿಶ್ವವಿದ್ಯಾಲಯಗಳ ಆವರಣಗಳೇ ಒಳ್ಳೆಯ ಪ್ರಯೋಗಶಾಲೆಗಳಾದವು. ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದ ಮುಂದೆ, ನೆಲಮಟ್ಟಕ್ಕಿಂತ ಕೆಳಗೆ, ಶಿಲ್ಪಿ ಇಸಾಮು ನೊಗುಚಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಅಂಗಳದಲ್ಲಿ ಒಂದು ಎಲೆಯೂ ಇಲ್ಲ. ಬಿಳಿಯ ಅಮೃತಶಿಲೆಯ ನೆಲ, ಒಂದು ಪಿರಮಿಡ್ಡು, ಒಂದು ಬಳೆಯಂಥ ಚಕ್ರ, ಮೂಲೆಯ ಮೇಲೆ ನಿಂತ ಒಂದು ಘನ, ಇಷ್ಟೇ. ಓದುವ ಕೊಠಡಿಯ ಗಾಜಿನ ಆಚೆ ಕಾಣಲೆಂದು ಮಾಡಿದ ಆ ಅಂಗಳದಲ್ಲಿ ಯಾರೂ ನಡೆಯುವುದಿಲ್ಲ. ನನಗೆ ವೈಯಕ್ತಿಕವಾಗಿ ಅದು ಸ್ವಲ್ಪ ಬಿಗುಮಾನದ್ದೆನಿಸುತ್ತದೆ. ಆದರೆ ಅಪರೂಪದ ಗ್ರಂಥಗಳ ನಡುವೆ ತಲೆ ತಗ್ಗಿಸಿ ಕುಳಿತವನು ತಲೆ ಎತ್ತಿದಾಗ ಏನು ಕಾಣಬೇಕು ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಸ್ಪಷ್ಟವಾಗಿದೆ.

ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಶೋಧನಾ ಸಂಸ್ಥೆಯ ಅಂಗಳ ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರ ಕರ್ತೃ ಅಹಮದಾಬಾದ್ ಐಐಎಂ ಅನ್ನು ರೂಪಿಸಿದ ಲೂಯಿ ಕಾನ್ ಅವರೇ. ಎರಡು ಸಾಲು ಪ್ರಯೋಗಾಲಯಗಳ ನಡುವೆ ಮರಗಳ ತೋಟವೊಂದನ್ನು ಬೆಳೆಸಬೇಕೆಂದು ಅವರು ಮೊದಲು ಎಣಿಸಿದ್ದರು. ಕಟ್ಟಡ ಮೇಲೆದ್ದ ಮೇಲೆ ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್ ಅವರನ್ನು ಕರೆಸಿ ಅಭಿಪ್ರಾಯ ಕೇಳಿದಾಗ ಅವರು ಇಲ್ಲಿ ಒಂದು ಗಿಡವನ್ನೂ ನೆಡಬೇಡಿ, ಕಲ್ಲಿನ ಬಯಲಾಗಿ ಬಿಡಿ, ಆಗ ಆಕಾಶದ ಕಡೆಗೆ ನಿಮಗೊಂದು ಮುಖ ದೊರೆಯುತ್ತದೆ ಎಂಬ ಅರ್ಥದ ಸಲಹೆ ಕೊಟ್ಟರು. ಕಾನ್ ಅದನ್ನು ಒಪ್ಪಿದರು. ಇವತ್ತು ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳೆಲ್ಲ ಕಂಡಿರುವ ಚಿತ್ರ ಅದು: ಬೋಳು ಕಲ್ಲುಹಾಸಿನ ನಡುವೆ ಸಾಗರದತ್ತ ಹರಿಯುವ ಒಂದು ಸಣ್ಣ ನೀರಗೆರೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಭಾಗವನ್ನು ಕಡಿಮೆ ಜನ ಹೇಳುತ್ತಾರೆ. ಆ ಅಂಗಳವನ್ನು ಪ್ರವೇಶಿಸುವ ಮುನ್ನ ನೀಲಗಿರಿ ಮರಗಳ ತೋಪೊಂದನ್ನು ದಾಟಬೇಕಾಗಿತ್ತು. ತೋಪಿನ ಮಬ್ಬಿನಿಂದ ಹೊರಬಿದ್ದ ಕಣ್ಣಿಗೆ ಥಟ್ಟನೆ ಬಯಲೂ ಕಡಲೂ ಎದುರಾಗುತ್ತಿದ್ದವು. 1990ರ ದಶಕದಲ್ಲಿ ಸಂಸ್ಥೆಯು ತನ್ನ ಹೊಸ ಕಟ್ಟಡಕ್ಕಾಗಿ ಆ ತೋಪನ್ನು ಕಡಿಯಿತು. ವಾಸ್ತುಶಿಲ್ಪಿಗಳು ಬಲವಾಗಿ ವಿರೋಧಿಸಿದರು, ಉಪಯೋಗವಾಗಲಿಲ್ಲ. ಕಾನ್ ಅವರ ಒಂದು ಗೋಡೆಯನ್ನೂ ಯಾರೂ ಮುಟ್ಟಲಿಲ್ಲ, ಆದರೂ ಅವರ ಕೃತಿಯ ಒಂದು ಅಂಗ ಹೋಯಿತು. ಹಣಕ್ಕೂ ಹೆಸರಿಗೂ ಕೊರತೆಯಿಲ್ಲದ ಸಂಸ್ಥೆಯಲ್ಲೇ ಹೀಗಾಗುವುದಾದರೆ ನಮ್ಮ ವಿಶ್ವವಿದ್ಯಾಲಯಗಳ ಎಸ್ಟೇಟ್ ಕಚೇರಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ.

ನಮ್ಮ ದೇಶದ ಅನುಭವವೂ ಇದೇ. ಅಹಮದಾಬಾದ್ ಐಐಎಂ ತನ್ನ 18 ಹಳೆಯ ವಿದ್ಯಾರ್ಥಿನಿಲಯಗಳ ಪೈಕಿ 14ನ್ನು ಕೆಡವಿ ಹೊಸದಾಗಿ ಕಟ್ಟಲು 2020ರ ಡಿಸೆಂಬರ್‌ನಲ್ಲಿ ಮುಂದಾದಾಗ ದೇಶ ವಿದೇಶಗಳಿಂದ ಪ್ರತಿಭಟನೆ ಬಂದು, ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಲಾಯಿತು. 2022ರ ನವೆಂಬರ್‌ನಲ್ಲಿ ಸಂಸ್ಥೆಯು ಮತ್ತೆ ಹಳೆಯ ಕೆಲವು ಕಟ್ಟಡಗಳನ್ನು ಉಳಿಸಿಕೊಳ್ಳಲಾಗದೆಂಬ ನಿಲುವಿಗೆ ಬಂತು. 2001ರ ಭೂಕಂಪದ ಪೆಟ್ಟು, ಇಟ್ಟಿಗೆಗಳ ಸವೆತ, ಸೋರುವ ಮಾಳಿಗೆ ಎಂದು ಅವರು ಕೊಟ್ಟ ಕಾರಣಗಳು ಹುಸಿಯಲ್ಲ. ಅದೇ ಆವರಣದ ಗ್ರಂಥಾಲಯವನ್ನು ದುರಸ್ತಿ ಮಾಡಿ 2019ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಪಡೆದದ್ದೂ ಹುಸಿಯಲ್ಲ. ಆ ವಾದವಿವಾದದಲ್ಲಿ ನಾನು ಗಮನಿಸಿದ್ದೇನೆಂದರೆ ಎರಡೂ ಕಡೆಯವರ ಮಾತು ಬಹುಮಟ್ಟಿಗೆ ಇಟ್ಟಿಗೆಯ ಸುತ್ತಲೇ ತಿರುಗಿತು. ಆ ವಿದ್ಯಾರ್ಥಿನಿಲಯಗಳನ್ನು ಗಾಳಿ ಬರುವ ದಿಕ್ಕು ನೋಡಿ ಮೂಲೆಗೆ ಮೂಲೆ ತಾಗುವಂತೆ ಓರೆಯಾಗಿ ಇಟ್ಟು, ಅವುಗಳ ನಡುವೆ ನೆರಳಿನ ಅಂಗಳಗಳನ್ನು ಬಿಟ್ಟ ಕ್ರಮದ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಇಟ್ಟಿಗೆಯನ್ನು ಬದಲಿಸಬಹುದು. ಆ ಕ್ರಮ ಹೋದರೆ ಮತ್ತೆ ಬರುವುದಿಲ್ಲ.

ಬೆಂಗಳೂರಿನಲ್ಲಿ ಐಐಎಂ ಒಂದೇ ಅಲ್ಲ. 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ, ಜರ್ಮನಿಯಿಂದ ಬಂದ ಓಟೋ ಕೋನಿಗ್ಸ್‌ಬರ್ಗರ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಏರೋನಾಟಿಕ್ಸ್ ವಿಭಾಗದ ಕಟ್ಟಡಗಳನ್ನೂ ಇನ್ನೂ ಕೆಲವನ್ನೂ ರೂಪಿಸಿದರು. ಐಐಟಿ ಕಾನ್ಪುರದ ಆವರಣದಲ್ಲಿ ವಾಹನಗಳ ದಾರಿಯನ್ನೂ ನಡೆಯುವವರ ದಾರಿಯನ್ನೂ ಬೇರೆ ಮಾಡಿ, ವಿಭಾಗಗಳನ್ನು ಮೇಲ್ನಡಿಗೆಯ ದಾರಿಗಳಿಂದ ಬೆಸೆದ ಅಚ್ಯುತ ಕಾನ್ವಿಂದೆಯವರೇ ನಮ್ಮ ಕೃಷಿ ವಿಶ್ವವಿದ್ಯಾಲಯಕ್ಕೂ ವಿನ್ಯಾಸ ಮಾಡಿದವರು. ಇವರ ಕಟ್ಟಡಗಳ ಬಗ್ಗೆ ಅಷ್ಟಿಷ್ಟು ಬರವಣಿಗೆ ಇದೆ. ಕಟ್ಟಡಗಳ ನಡುವಿನ ನೆಲದ ಬಗ್ಗೆ, ಮೊದಲು ನೆಟ್ಟ ಮರಗಳ ಬಗ್ಗೆ, ನೀರು ಹರಿದುಹೋಗಲು ಮಾಡಿದ ಇಳಿಜಾರಿನ ಬಗ್ಗೆ ಸಾರ್ವಜನಿಕರಿಗೆ ಸಿಗುವ ಮಾಹಿತಿ ಬಹಳ ಕಡಿಮೆ.

ಕಾನೂನು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಾಗಲಿ ರಾಜ್ಯದ 1961ರ ಕಾಯ್ದೆಯಾಗಲಿ ರಕ್ಷಣೆ ಕೊಡುವುದು ಕನಿಷ್ಠ 100 ವರ್ಷ ಹಳೆಯದಾದ ರಚನೆಗಳಿಗೆ. ಆ ಲೆಕ್ಕದಲ್ಲಿ ಬನ್ನೇರುಘಟ್ಟ ರಸ್ತೆಯ ಆವರಣಕ್ಕೆ ಸರದಿ ಬರುವುದು ಮುಂದಿನ ಶತಮಾನದ ಹೊಸ್ತಿಲಲ್ಲಿ. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ಕಟ್ಟಿದ್ದ ಹಾಲ್ ಆಫ್ ನೇಷನ್ಸ್ ಎಂಬ ವಸ್ತುಪ್ರದರ್ಶನ ಭವನವನ್ನು 2017ರ ಏಪ್ರಿಲ್‌ನಲ್ಲಿ ನೆಲಸಮ ಮಾಡಿದಾಗಲೂ ಅದಕ್ಕೆ ಸಾಕಷ್ಟು ವಯಸ್ಸಾಗಿಲ್ಲವೆಂಬ ಮಾತೇ ಮುಂದೆ ಬಂದಿತ್ತು. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂಬ ಪರಿಕಲ್ಪನೆಗಳು ಸೇರಿವೆ. ವಯಸ್ಸಿಗಿಂತ ಹೆಚ್ಚಾಗಿ ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ, ಸಂಸ್ಕೃತಿಗಳ ಮೌಲ್ಯವನ್ನು ಅಳೆಯಲು ಅಲ್ಲಿ ಅವಕಾಶವಿದೆ. ಆ ಅವಕಾಶವನ್ನು ಬಳಸಿಕೊಂಡು ಈ ಆವರಣಗಳನ್ನು ಪಟ್ಟಿಗೆ ಸೇರಿಸಬೇಕು. ಸೇರಿಸುವಾಗ ಕಟ್ಟಡದ ಹೊರಗೆರೆಗೆ ನಿಲ್ಲದೆ ಅಂಗಳ, ಮೊಗಸಾಲೆ, ಮರಗಳ ನೆಲೆ, ನೆಲದ ಏರಿಳಿತಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆನ್ನುತ್ತದೆ, ಅದು ಒಳ್ಳೆಯದು. ಆದರೆ ಆ ಕಾಯ್ದೆಯ ಕಣ್ಣಿಗೆ ಒಂದು ಮರಕ್ಕೆ ಬದಲಾಗಿ ಬೇರೆಲ್ಲೋ ಸಸಿ ನೆಟ್ಟರೆ ಲೆಕ್ಕ ಸರಿಹೋಯಿತು. ಅಂಗಳದ ಪಶ್ಚಿಮದ ಮೂಲೆಯಲ್ಲಿ ಸಂಜೆಯ ಬಿಸಿಲನ್ನು ತಡೆಯಲೆಂದೇ ನಿಲ್ಲಿಸಿದ ಹೊಂಗೆಗೆ ಆವರಣದ ಬೇಲಿಯಂಚಿನಲ್ಲಿ ನೆಟ್ಟ ಹತ್ತು ಸಸಿಗಳು ಬದಲಿಯಾಗಲಾರವು.

ಎದುರು ವಾದಗಳು ನನಗೆ ಗೊತ್ತಿಲ್ಲದ್ದೇನಲ್ಲ. ಸಂಸ್ಥೆಗಳು ಬೆಳೆಯಲೇಬೇಕು. ಕೇಂದ್ರೀಯ ಶಿಕ್ಷಣ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕಲ್ಪಿಸಿದ 2006ರ ಕಾಯ್ದೆಯ ನಂತರ ಸೀಟುಗಳು ಹೆಚ್ಚಿದವು. ಇನ್ನಷ್ಟು ಮಕ್ಕಳು ಒಳಗೆ ಬರುವುದಕ್ಕಿಂತ ಅಂಗಳ ದೊಡ್ಡದಲ್ಲ, ದೊಡ್ಡದೆಂದು ಯಾರಾದರೂ ವಾದಿಸಿದರೆ ನಾನು ಅವರ ಪಕ್ಷದಲ್ಲಿರುವುದಿಲ್ಲ. ಹೊಸ ಕಟ್ಟಡಗಳಿಗೆ ಜಾಗ ಬೇಕಾದಾಗ ಮೊದಲು ಅಂಗಳದ ಕಡೆಗೆ ಕೈ ಚಾಚುವ ಅಭ್ಯಾಸದ ಬಗ್ಗೆ ಮಾತ್ರ ನನ್ನ ತಕರಾರು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಆ ಕಾಲದ ವಾಸ್ತುಶಿಲ್ಪಿಗಳಲ್ಲಿ ಬಹುತೇಕರು ಮೆಟ್ಟಿಲುಗಳನ್ನು ಪ್ರೀತಿಸಿದರೇ ಹೊರತು ಗಾಲಿಕುರ್ಚಿಯಲ್ಲಿ ಬರುವವರನ್ನು ನೆನೆಯಲಿಲ್ಲ. ಒರಟು ಚಪ್ಪಡಿಗಳು, ಕಟಕಟೆಯಿಲ್ಲದ ಇಳಿಜಾರುಗಳು, ಅರೆಯಂತಸ್ತಿನ ತಿರುವುಗಳು ಕಣ್ಣಿಗೆ ಚೆಂದ. ಊರುಗೋಲು ಹಿಡಿದವರಿಗೆ ಅವು ಅಡ್ಡಗೋಡೆಗಳು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಈ ಕೊರತೆಯನ್ನು ಸರಿಪಡಿಸಲು ಹೇಳುತ್ತದೆ, ಸರಿಪಡಿಸಲೇಬೇಕು. ಹಳೆಯ ಚಪ್ಪಡಿಯ ಸಾಲಿನಲ್ಲೇ ಒಂದು ಪಟ್ಟಿಯಷ್ಟನ್ನು ಮಟ್ಟಸವಾಗಿ ಹೊಡೆಸಿ ಮತ್ತೆ ಕೂರಿಸಿದರೆ ಗಾಲಿ ಸರಾಗವಾಗಿ ಉರುಳುತ್ತದೆ, ಅಂಗಳವೂ ಉಳಿಯುತ್ತದೆ. ಇದಕ್ಕೆ ಬೇಕಾದ ಕಲ್ಲುಕೆಲಸದವರು ನಮ್ಮಲ್ಲಿ ಇನ್ನೂ ಇದ್ದಾರೆ. ಸೈಜುಗಲ್ಲಿನ ಕೆಲಸ ಬಲ್ಲವರಿಗೆ ಕಾಮಗಾರಿ ಸಿಗದೆ ಅವರೂ ಬ್ಲಾಕು ಜೋಡಿಸಲು ಹೋಗುತ್ತಿದ್ದಾರೆ ಎಂಬುದು ಬೇರೆ ಮಾತು.

ನೀರಿನ ವಿಷಯವನ್ನೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಜಲಮಂಡಳಿಯು ಕುಡಿಯುವ ನೀರನ್ನು ಕೈದೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿತ್ತು. ಹುಲ್ಲುಹಾಸು ಮತ್ತು ಕಾರಂಜಿಯನ್ನು ನೆಚ್ಚಿದ ಆವರಣಗಳು ಆ ಬೇಸಗೆಯಲ್ಲಿ ಒಂದೋ ಒಣಗಿದವು, ಇಲ್ಲವೇ ಟ್ಯಾಂಕರ್ ನೀರು ಕುಡಿದವು. ಕಲ್ಲು, ನೆರಳು, ಬಳ್ಳಿ, ದೊಡ್ಡ ಮರ ಎಂಬ ನಾಲ್ಕರಿಂದ ಕಟ್ಟಿದ ಅಂಗಳಕ್ಕೆ ಹುಲ್ಲುಹಾಸಿನಷ್ಟು ನೀರು ಬೇಕಾಗುವುದಿಲ್ಲ. ಆದರೆ ಮರದ ಬುಡದಲ್ಲಿ ಮಣ್ಣು ಮುಚ್ಚದೆ ಇರಬೇಕು. ಮರಗಳ ಸುತ್ತ ಒಂದು ಮೀಟರ್ ಅಂತರದವರೆಗೆ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಅಧಿಕಾರಿಗಳಿಗೆ ಆದೇಶಿಸಿತ್ತು. ಇಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಅದಕ್ಕೆ ವಿರುದ್ಧವಾದದ್ದನ್ನು ಹಣ ಕೊಟ್ಟು ಮಾಡಿಸುತ್ತಿವೆ. ಬೇರಿಗೆ ಉಸಿರಿಲ್ಲದ ಮರ ಮುಂಗಾರುಪೂರ್ವದ ಮೊದಲ ಬಿರುಗಾಳಿಗೆ ಬುಡಮೇಲಾದಾಗ ಅದೇ ಕಾರಣವೊಡ್ಡಿ ಪಕ್ಕದ ಮರಗಳನ್ನೂ ಅಪಾಯಕಾರಿಯೆಂದು ತೆಗೆಸುತ್ತವೆ.

ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪಕ್ಕೆ ಮೀಸಲಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಮೊದಲ ಭಾರತೀಯರೆಂದು ನಾವೆಲ್ಲ ಹೆಮ್ಮೆಪಟ್ಟೆವು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಬೆಂಗಳೂರಿನ ಐಐಎಂ ಮೊಗಸಾಲೆಗಳ ಚಿತ್ರಗಳು ಮತ್ತೊಮ್ಮೆ ಎಲ್ಲೆಡೆ ಹರಿದಾಡಿದವು. ಚಿತ್ರಗಳನ್ನು ನೋಡಿದ ಸಾಮಾನ್ಯ ಬೆಂಗಳೂರಿಗನು ಅಲ್ಲಿಗೆ ಹೋಗಿ ಒಂದು ಗಂಟೆ ಕೂತು ಬರುವುದು ಮಾತ್ರ ಸುಲಭವಿಲ್ಲ. ಭದ್ರತೆಯ ಕಾರಣ ಅರ್ಥವಾಗುತ್ತದೆ. ಆದರೂ ಸಾರ್ವಜನಿಕ ಹಣದಿಂದ ಕಟ್ಟಿದ ಇಂಥ ಆವರಣಗಳನ್ನು ವರ್ಷಕ್ಕೆ ಕೆಲವು ದಿನಗಳಾದರೂ ಊರಿನ ಜನರಿಗೆ ತೆರೆದಿಟ್ಟರೆ, ಅಂಗಳದ ಬೆಲೆ ಏನೆಂದು ಪತ್ರಗಳಲ್ಲಿ ವಿವರಿಸುವ ಕಷ್ಟ ನನ್ನಂಥವರಿಗೆ ತಪ್ಪುತ್ತದೆ. ತಾನು ಕೂತು ಬಂದ ಜಾಗವನ್ನು ಉಳಿಸಿಕೊಳ್ಳಲು ಜನ ತಾವಾಗಿಯೇ ಮುಂದೆ ಬರುತ್ತಾರೆ.

ಕೊನೆಯದಾಗಿ ಕುಲಪತಿಗಳಲ್ಲಿ ಮತ್ತು ಉನ್ನತ ಶಿಕ್ಷಣ ಇಲಾಖೆಯಲ್ಲಿ ಒಂದು ನಿರ್ದಿಷ್ಟ ಮನವಿ. 1940ರಿಂದ 1990ರ ನಡುವೆ ಕಟ್ಟಿದ ಆವರಣಗಳಿರುವ ಪ್ರತಿಯೊಂದು ಸಂಸ್ಥೆಯೂ ತನ್ನ ಮೂಲ ನಕ್ಷೆಗಳನ್ನು, ಅದರಲ್ಲೂ ನೆಲಗೆಲಸದ ಮತ್ತು ಗಿಡಮರಗಳ ನಕ್ಷೆಗಳನ್ನು, ಗೆದ್ದಲು ತಿನ್ನುವ ಮುನ್ನ ಹುಡುಕಿಸಿ ಸ್ಕ್ಯಾನ್ ಮಾಡಿಸಿ ಗ್ರಂಥಾಲಯದಲ್ಲಿಡಲಿ. ನಕ್ಷೆ ಸಿಗದಿದ್ದಲ್ಲಿ ಈಗಿರುವ ಸ್ಥಿತಿಯನ್ನಾದರೂ ಅಳೆಯಿಸಲಿ. ರಾಜ್ಯದ ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಒಂದು ಸೆಮಿಸ್ಟರಿನ ಒಳ್ಳೆಯ ಅಭ್ಯಾಸವಾದೀತು, ಖರ್ಚೂ ಹೆಚ್ಚಿಲ್ಲ. ಅಂಗಳಕ್ಕೆ ಸಂಬಂಧಿಸಿದ ಯಾವುದೇ ಕಾಮಗಾರಿಯ ಅಂದಾಜುಪಟ್ಟಿಯು ಟೆಂಡರಿಗೆ ಹೋಗುವ ಮೊದಲು ಒಬ್ಬ ಲ್ಯಾಂಡ್‌ಸ್ಕೇಪ್ ವಾಸ್ತುಶಿಲ್ಪಿಯ ಮತ್ತು ಒಬ್ಬ ತೋಟಗಾರಿಕೆ ತಜ್ಞರ ಲಿಖಿತ ಅಭಿಪ್ರಾಯ ಕಡತದಲ್ಲಿರಲಿ. ಬಿದ್ದ ಮರದ ಜಾಗದಲ್ಲಿ ಅದೇ ಜಾತಿಯ ಸಸಿಯನ್ನು ಅದೇ ಕುಣಿಯಲ್ಲಿ ನೆಡುವುದು ನಿಯಮವಾಗಲಿ. ಮುಂದಿನ ಬೇಸಗೆ ರಜೆಯ ಕಾಮಗಾರಿಗಳಿಗೆ ಅಂದಾಜುಪಟ್ಟಿಗಳು ಈಗಲೇ ಸಿದ್ಧವಾಗುತ್ತಿರುತ್ತವೆ. ಆದ್ದರಿಂದ ಈ ಸೂಚನೆಗಳನ್ನು ಸುತ್ತೋಲೆಯ ರೂಪದಲ್ಲಿ ಹೊರಡಿಸುವುದಾದರೆ ಈ ವರ್ಷವೇ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಬೆಂಗಳೂರು